ಮದುವೆಗೆ ಇಬ್ಬರೇ ಹೊರಡುವ ಮುನ್ನ

ನೆಂಟರ ಮದುವೆಗೆ ಗಂಡ–ಹೆಂಡತಿ ಮಾತ್ರ ಹೋಗಿ ಮಕ್ಕಳನ್ನು ಊರಲ್ಲೇ ಬಿಡುವ ಪ್ರಸಂಗ ಹೆಚ್ಚಾಗಿ ಬರುವುದು ಪಂಚಾಂಗಕ್ಕೂ ಶಾಲೆಯ ವೇಳಾಪಟ್ಟಿಗೂ ಹೊಂದಾಣಿಕೆ ತಪ್ಪಿದಾಗ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಬಹುತೇಕ ಮನೆತನಗಳು ಮದುವೆ ಇಟ್ಟುಕೊಳ್ಳುವುದಿಲ್ಲ. ಉಳಿದ ಮುಹೂರ್ತಗಳಲ್ಲಿ ಕಾರ್ತಿಕ–ಮಾರ್ಗಶಿರದವು ತರಗತಿಗಳು ಬಿರುಸಾಗಿ ನಡೆಯುವ ನವೆಂಬರ್–ಡಿಸೆಂಬರ್‌ನಲ್ಲಿ ಬೀಳುತ್ತವೆ. ಮಾಘ–ಫಾಲ್ಗುಣದವು ಪರೀಕ್ಷೆಯ ದಿನಗಳಾದ ಫೆಬ್ರುವರಿ–ಮಾರ್ಚ್‌ಗೆ ಬರುತ್ತವೆ. ಮದುವೆ ಮನೆಯಲ್ಲಿ ದಂಪತಿಗೆ ಶಾಸ್ತ್ರದ ಹೊಣೆ ಇದ್ದರಂತೂ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅದನ್ನು ನಿಭಾಯಿಸುವುದು ಕಷ್ಟ. ಇಂಥ ಪ್ರಯಾಣದ ತಯಾರಿಗೆ ಎರಡು ತಿಂಗಳು ಬೇಕಾಗುತ್ತದೆ. ಅದರಲ್ಲಿ ಟಿಕೆಟ್‌, ಬಟ್ಟೆಗಳ ಪಾಲು ಸಣ್ಣದು. ಮಕ್ಕಳನ್ನು ನೋಡಿಕೊಳ್ಳುವವರಿಗೆ ಮಾಹಿತಿ, ಸಾಮಗ್ರಿ ಮತ್ತು ನಿರ್ಧಾರ ಮಾಡುವ ಅಧಿಕಾರ ಮೂರನ್ನೂ ಪೂರ್ತಿಯಾಗಿ ಒಪ್ಪಿಸುವುದೇ ದೊಡ್ಡ ಕೆಲಸ. ಬೆಂಗಳೂರಿನ ದಂಪತಿಯೊಂದು ಧಾರವಾಡದ ಮದುವೆಗೆ ಹೋಗುವ ಉದಾಹರಣೆ ಇಟ್ಟುಕೊಂಡು ಆ ತಯಾರಿಯ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

ಹಂತ 1: ಎಷ್ಟು ರಾತ್ರಿ ಎಂಬ ಲೆಕ್ಕ

ಎಷ್ಟು ದಿನ ಹೋಗಬೇಕೆಂಬುದನ್ನು ಮದುವೆ ಮನೆಯಲ್ಲಿ ದಂಪತಿಗಿರುವ ಪಾತ್ರ ತೀರ್ಮಾನಿಸುತ್ತದೆ. ವಧುವಿನ ಸೋದರಮಾವ, ವರನ ಸೋದರತ್ತೆ, ಕಳಸಗಿತ್ತಿಯಾಗಿ ನಿಲ್ಲುವ ಅಕ್ಕ–ತಂಗಿ, ಧಾರೆಗೆ ಕೂರುವ ಅಣ್ಣ–ಅತ್ತಿಗೆ ಇವರು ಹಿಂದಿನ ದಿನವೇ ಹಾಜರಿರಬೇಕು. ಅರಿಷಿಣ ಹಚ್ಚುವುದು, ಸುರಗಿ ಸುತ್ತುವುದು, ದೇವರ ಕಾರ್ಯ ಮುಂತಾದವು ಎಷ್ಟು ಹೊತ್ತಿಗೆ, ಎಲ್ಲಿ ಎಂದು ಮದುವೆ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಂಡರೆ ಯಾವುದಕ್ಕೆ ಇರಲೇಬೇಕು, ಯಾವುದನ್ನು ಬಿಡಬಹುದು ಎಂಬುದು ಗೊತ್ತಾಗುತ್ತದೆ. ಅಕ್ಕಿಕಾಳು ಹಾಕಿ ಊಟ ಮಾಡಿ ಬರುವ ನೆಂಟಸ್ತಿಕೆಯಾದರೆ ಒಂದು ರಾತ್ರಿ ಸಾಕು.

ಎಷ್ಟು ರಾತ್ರಿ ಹೊರಗಿರಬಹುದು ಎಂಬುದಕ್ಕೆ ಮಿತಿ ಹಾಕುವುದು ಎಲ್ಲರಿಗಿಂತ ಚಿಕ್ಕ ಮಗುವಿನ ವಯಸ್ಸು.

ಆರು ತಿಂಗಳೊಳಗಿನ ಮಗುವಿಗೆ ಎದೆಹಾಲೇ ಪೂರ್ಣ ಆಹಾರ. ಆ ವಯಸ್ಸಿನ ಕೂಸನ್ನು ಬಿಡುವ ಬದಲು ಜೊತೆಗೆ ಕರೆದೊಯ್ಯುವುದು, ಇಲ್ಲವೇ ಇಬ್ಬರಲ್ಲಿ ಒಬ್ಬರೇ ಹೋಗುವುದು ಸರಿ.

ಎಂಟು ತಿಂಗಳ ಆಸುಪಾಸಿನಿಂದ ಒಂದೂವರೆ ವರ್ಷದವರೆಗೆ ತಾಯಿ–ತಂದೆ ಕಣ್ಮರೆಯಾದರೆ ಅಳುವ ಸ್ವಭಾವ ಗಟ್ಟಿಯಾಗಿರುತ್ತದೆ. ಇದು ಬೆಳವಣಿಗೆಯ ಸಹಜ ಘಟ್ಟ. ದಿನವೂ ಎತ್ತಿ ಆಡಿಸುವ ಅಜ್ಜಿಯ ಬಳಿಯಾದರೆ ಒಂದು ರಾತ್ರಿ ಬಿಡಬಹುದು. ಅಪರೂಪಕ್ಕೆ ಕಾಣುವ ನೆಂಟರ ಬಳಿ ಬಿಡುವುದು ಬೇಡ.

ಮೂರರಿಂದ ಆರು ವರ್ಷದವರು ಪರಿಚಿತರ ಬಳಿ ಎರಡು ರಾತ್ರಿ ಇರಬಲ್ಲರು. ಆದರೆ ‘ಸೋಮವಾರ ಬರುತ್ತೇವೆ’ ಎಂಬುದರ ಅಳತೆ ಅವರಿಗೆ ತಿಳಿಯದು. ಶಾಲೆಯ ದೊಡ್ಡ ಮಕ್ಕಳಿಗೆ ಮೂರು ರಾತ್ರಿ ಕಷ್ಟವಲ್ಲ. ಅವರ ವಿಷಯದಲ್ಲಿ ನೋಡಬೇಕಾದದ್ದು ಪರೀಕ್ಷೆಯ ದಿನಾಂಕ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವವರು ಹಗಲು ತಮ್ಮ ಪಾಡಿಗೆ ಇರಬಲ್ಲರಾದರೂ ರಾತ್ರಿ ಮನೆಯಲ್ಲಿ ಹಿರಿಯರೊಬ್ಬರು ಇರಬೇಕು.

ಹಂತ 2: ಯಾರ ಬಳಿ ಬಿಡುವುದು

ಅಜ್ಜ–ಅಜ್ಜಿಯರೇ ಮೊದಲ ಆಯ್ಕೆ. ಆದರೆ ಮದುವೆ ಯಾರ ಕಡೆಯದೋ ಆ ಕಡೆಯ ಅಜ್ಜ–ಅಜ್ಜಿ ಮದುವೆಗೇ ಹೋಗುವವರು. ಹೆಂಡತಿಯ ತಮ್ಮನ ಮದುವೆಯಾದರೆ ಮಕ್ಕಳನ್ನು ನೋಡಿಕೊಳ್ಳಲು ಉಳಿಯುವವರು ಗಂಡನ ತಂದೆ–ತಾಯಿ. ಅವರು ಹೆಂಡತಿಯ ತವರಿಗೆ ಬೀಗರು. ಆಮಂತ್ರಣದಲ್ಲೂ ಸತ್ಕಾರದಲ್ಲೂ ಅವರದು ಮುಂದಿನ ಸ್ಥಾನ. ಮಕ್ಕಳಿಗಾಗಿ ಅವರನ್ನು ಮನೆಯಲ್ಲಿ ನಿಲ್ಲಿಸಿ ಹೋದರೆ ‘ಬೀಗರು ಬರಲಿಲ್ಲ’ ಎಂಬ ಮಾತು ಒಂದು ಕಡೆ, ‘ನಮ್ಮನ್ನು ಕಾವಲಿಗೆ ಬಿಟ್ಟರು’ ಎಂಬ ಬೇಸರ ಇನ್ನೊಂದು ಕಡೆ ಹುಟ್ಟುತ್ತದೆ. ಹಾಗಾಗಿ ಈ ಮಾತನ್ನು ಮೊದಲು ಅವರೊಂದಿಗೇ ಆಡಬೇಕು. ಹೋಗಲು ಅವರಿಗೆ ಮನಸ್ಸಿದ್ದರೆ ಬೇರೆ ವ್ಯವಸ್ಥೆ ಹುಡುಕಬೇಕು. ಅವರೇ ಉಳಿಯಲು ಒಪ್ಪಿದರೆ ಮದುವೆ ಮನೆಯವರು ಅವರಿಗೆ ಖುದ್ದಾಗಿ ಅಥವಾ ಫೋನ್‌ನಲ್ಲಿ ಆಮಂತ್ರಣ ಕೊಟ್ಟು, ಮಕ್ಕಳಿಗಾಗಿ ನಿಲ್ಲುತ್ತಿರುವುದಕ್ಕೆ ಕೃತಜ್ಞತೆ ಹೇಳುವಂತೆ ನೋಡಿಕೊಳ್ಳಬೇಕು. ಮುಂದೆ ನವದಂಪತಿಯನ್ನು ಊಟಕ್ಕೆ ಕರೆಯುವಾಗ ಬೀಗರನ್ನೂ ಕೂರಿಸಿಕೊಂಡರೆ ಕೊರತೆ ತುಂಬುತ್ತದೆ.

ಅಜ್ಜ–ಅಜ್ಜಿ ಇಲ್ಲದಿದ್ದರೆ ಮದುವೆಯ ನೆಂಟಸ್ತಿಕೆಗೆ ಸೇರದ ಚಿಕ್ಕಮ್ಮ, ಅತ್ತೆ ಅಥವಾ ವರ್ಷಗಳ ಒಡನಾಟವಿರುವ ನೆರೆಮನೆಯವರು ಆಗಬಹುದು. ಮನೆಗೆಲಸದವರು ಎಷ್ಟೇ ನಂಬಿಗಸ್ತರಾದರೂ ರಾತ್ರಿಯ ಹೊಣೆಯನ್ನು ಅವರೊಬ್ಬರ ಮೇಲೆ ಹೊರಿಸದೆ ಜೊತೆಗೆ ಮನೆಯವರೊಬ್ಬರು ಇರುವಂತೆ ಮಾಡಬೇಕು. ನೋಡಿಕೊಳ್ಳುವವರು ಎಪ್ಪತ್ತು ದಾಟಿದವರಾಗಿ, ಮಗು ಓಡಾಡುವ ವಯಸ್ಸಿನದಾಗಿದ್ದರೆ ಹಗಲು ಕೈಜೋಡಿಸಲು ಇನ್ನೊಬ್ಬರು ಬೇಕು.

ಮಕ್ಕಳು ಅಜ್ಜಿ ಮನೆಗೆ ಹೋಗಬೇಕೋ, ಅಜ್ಜಿ ಮಕ್ಕಳ ಮನೆಗೆ ಬರಬೇಕೋ ಎಂಬುದಕ್ಕೆ ಶಾಲೆ ಉತ್ತರ ಕೊಡುತ್ತದೆ. ಶಾಲೆ ಇರುವ ದಿನಗಳಲ್ಲಿ ಮಕ್ಕಳು ತಮ್ಮ ಮನೆಯಲ್ಲೇ ಇದ್ದರೆ ವ್ಯಾನು, ಪುಸ್ತಕ, ಹಾಸಿಗೆ ಎಲ್ಲವೂ ಎಂದಿನಂತೆ ಇರುತ್ತವೆ. ರಜೆಯಲ್ಲಾದರೆ ಅಜ್ಜಿ ಮನೆಯೇ ಚೆನ್ನ.

ಹಂತ 3: ಮದುವೆ ಮನೆಗೆ ತಿಳಿಸುವುದು

ಮಕ್ಕಳು ಬರುತ್ತಿಲ್ಲ ಎಂಬುದು ಮದುವೆ ಮನೆಯವರಿಗೆ ಮಂಟಪದ ಬಾಗಿಲಲ್ಲಿ ತಿಳಿಯಬಾರದು. ಅಡುಗೆಯವರ ಎಲೆ ಲೆಕ್ಕ, ಕೋಣೆಗಳ ಹಂಚಿಕೆ, ಮಕ್ಕಳಿಗೆಂದು ತರುವ ಹೊಸ ಬಟ್ಟೆ ಎಲ್ಲಕ್ಕೂ ಅದು ಸಂಬಂಧಿಸಿದೆ. ಆಮಂತ್ರಣ ಬಂದ ಕೂಡಲೇ ಕಾರಣದೊಂದಿಗೆ ತಿಳಿಸಿದರೆ ಬೇಸರ ಅಲ್ಲಿಗೇ ಮುಗಿಯುತ್ತದೆ. ಮದುವೆಯ ದಿನ ಎದುರಾದ ಪ್ರತಿಯೊಬ್ಬರೂ ‘ಮಕ್ಕಳೆಲ್ಲಿ?’ ಎಂದೇ ಕೇಳುತ್ತಾರೆ. ಪರೀಕ್ಷೆ ಇದೆ, ಅಜ್ಜಿಯ ಹತ್ತಿರ ಇದ್ದಾರೆ ಎಂಬ ಒಂದೇ ಉತ್ತರವನ್ನು ಇಬ್ಬರೂ ಹೇಳಿದರೆ ಸಾಕು. ವಿವರಣೆ ಬೆಳೆದಷ್ಟೂ ಪ್ರಶ್ನೆ ಬೆಳೆಯುತ್ತದೆ.

ಹಂತ 4: ಟಿಕೆಟ್ ಮತ್ತು ತಂಗುವ ಕೋಣೆ

ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್ 1ರಿಂದ ಪ್ರಯಾಣದ ದಿನ ಬಿಟ್ಟು 60 ದಿನ ಮೊದಲು ತೆರೆಯುತ್ತದೆ. ಮೊದಲು ಈ ಅವಧಿ 120 ದಿನ ಇತ್ತು. ಮುಹೂರ್ತ ಗಟ್ಟಿಯಾದ ದಿನಗಳಿಗೆ ಸೀಟು ಬೇಗ ತುಂಬುವುದರಿಂದ ಹೋಗುವ ಮತ್ತು ಬರುವ ಎರಡೂ ಟಿಕೆಟ್‌ಗಳನ್ನು ಅವಧಿ ತೆರೆದಾಗಲೇ ತೆಗೆದಿಡಬೇಕು. ಎರಡರಲ್ಲಿ ಮರಳುವ ಟಿಕೆಟ್ ಹೆಚ್ಚು ಮುಖ್ಯ. ತಡವಾಗಿ ತಲುಪಿದರೆ ತಪ್ಪುವುದು ಒಂದು ಶಾಸ್ತ್ರ. ತಡವಾಗಿ ಮರಳಿದರೆ ಮಕ್ಕಳಿಗೆ ಕೊಟ್ಟ ಮಾತು ತಪ್ಪುತ್ತದೆ. ತತ್ಕಾಲ್ ನೆಚ್ಚಿಕೊಳ್ಳುವವರು ರೈಲು ಹೊರಡುವ ಹಿಂದಿನ ದಿನ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಕಾದಿರಬೇಕು. ಆನ್‌ಲೈನ್ ತತ್ಕಾಲ್‌ಗೆ ಟಿಕೆಟ್ ಕಾಯ್ದಿರಿಸುವವರ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆನ್‌ಲೈನ್ ಟಿಕೆಟ್‌ನಲ್ಲಿರುವ ಎಲ್ಲರೂ ಚಾರ್ಟ್ ಸಿದ್ಧವಾದ ಮೇಲೂ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಆ ಟಿಕೆಟ್ ತಾನಾಗಿ ರದ್ದಾಗುತ್ತದೆ, ಅದರಲ್ಲಿ ಪ್ರಯಾಣಿಸುವಂತಿಲ್ಲ. ಆದ್ದರಿಂದ ವೇಟಿಂಗ್ ಲಿಸ್ಟ್ ಇದ್ದಾಗ ಬಸ್ಸಿನ ಸೀಟನ್ನೂ ನೋಡಿಟ್ಟುಕೊಳ್ಳಬೇಕು.

ಬೆಂಗಳೂರಿನಿಂದ ಧಾರವಾಡಕ್ಕೆ ರಸ್ತೆಯಲ್ಲಿ ಸುಮಾರು 430 ಕಿ.ಮೀ. 2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಅಲ್ಲಿರಬಹುದು. ವಾರದಲ್ಲಿ ಒಂದು ದಿನ ಅದರ ಸಂಚಾರ ಇರುವುದಿಲ್ಲವಾದ್ದರಿಂದ ದಿನ ನೋಡಿಕೊಳ್ಳಬೇಕು. ರಾತ್ರಿ ಪ್ರಯಾಣಕ್ಕೆ ಹುಬ್ಬಳ್ಳಿ–ಧಾರವಾಡ ಮಾರ್ಗದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ.

ಕಲ್ಯಾಣ ಮಂಟಪದಲ್ಲಿ ಉಳಿಯುವ ವ್ಯವಸ್ಥೆ ಸಾಮಾನ್ಯವಾಗಿ ಹೆಂಗಸರಿಗೊಂದು, ಗಂಡಸರಿಗೊಂದು ಕೋಣೆ ಎಂಬಂತೆ ಇರುತ್ತದೆ. ಇಬ್ಬರೇ ಸೇರಿ ಒಂದಷ್ಟು ಸಮಯ ಕಳೆಯಬೇಕೆಂದರೆ ಹತ್ತಿರದ ಲಾಡ್ಜ್ ಅಥವಾ ಹೋಟೆಲ್‌ನಲ್ಲಿ ಸ್ವಂತ ಖರ್ಚಿನ ಕೋಣೆ ಹಿಡಿಯಬೇಕು. ಇದನ್ನೂ ಮದುವೆ ಮನೆಯವರಿಗೆ ಮೊದಲೇ ಹೇಳಿ, ಹೆಚ್ಚು ದೂರದಿಂದ ಬರುವವರಿಗೆ ಮಂಟಪದ ಜಾಗ ಉಳಿಯಲಿ ಎಂದರೆ ಯಾರಿಗೂ ಮುಜುಗರವಿಲ್ಲ. ಕೋಣೆ ಪಡೆಯಲು ಇಬ್ಬರ ಗುರುತಿನ ಚೀಟಿಯೂ ಬೇಕು.

ಹಂತ 5: ಇಬ್ಬರಿಗಾಗಿ ಒಂದು ದಿನ

ಇಬ್ಬರೇ ಸುತ್ತಾಡುವ ದಿನವನ್ನು ಮದುವೆಯ ಮೊದಲು ಇಟ್ಟುಕೊಂಡರೆ ಅದು ದಕ್ಕುವುದಿಲ್ಲ. ಊರು ತಲುಪಿದ ಸುದ್ದಿ ತಿಳಿದ ಕೂಡಲೇ ಹೂವು ತರುವುದರಿಂದ ಹಿಡಿದು ನೆಂಟರನ್ನು ಸ್ಟೇಷನ್‌ನಿಂದ ಕರೆತರುವವರೆಗೆ ಕೆಲಸಗಳು ಹೆಗಲೇರುತ್ತವೆ. ಮುಹೂರ್ತ, ಊಟ, ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದ ಮರುದಿನವೇ ಅದಕ್ಕೆ ಸರಿಯಾದ ಕಾಲ.

ಧಾರವಾಡದ ಸುತ್ತ ಒಂದು ದಿನಕ್ಕೆ ಮೂರು ಬಗೆಯ ಆಯ್ಕೆಗಳಿವೆ. ಕಾಡು, ಹೊಳೆ ಬೇಕೆಂದರೆ ಸುಮಾರು 55 ಕಿ.ಮೀ. ದೂರದಲ್ಲಿ ಕಾಳಿ ನದಿಯ ದಡದ ದಾಂಡೇಲಿ ಇದೆ. ಶಿಲ್ಪ, ಇತಿಹಾಸದ ಒಲವಿದ್ದರೆ ಹುಬ್ಬಳ್ಳಿಯಿಂದ ನೂರು ಕಿ.ಮೀ. ಚಿಲ್ಲರೆ ದೂರದ ಬಾದಾಮಿ. ಅಲ್ಲಿನ ನಾಲ್ಕು ಗುಹಾಲಯಗಳಲ್ಲಿ ಮೂರನೆಯದರಲ್ಲಿ ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ. ಅಲ್ಲಿಂದ ಇಪ್ಪತ್ತೆರಡು ಕಿ.ಮೀ. ಮುಂದಿನ ಪಟ್ಟದಕಲ್ಲು 1987ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಬಾದಾಮಿ ಮುಗಿಸಿದವರು ಧಾರವಾಡಕ್ಕೆ ಹಿಂತಿರುಗಬೇಕಿಲ್ಲ. ಪಂಢರಪುರದಿಂದ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ನೇರವಾಗಿ ಬೆಂಗಳೂರಿಗೆ ಮರಳಬಹುದು. ಬೇಸಿಗೆಯಲ್ಲಿ ಬಾದಾಮಿಯ ಬಂಡೆಗಳು ಕಾಯುವುದರಿಂದ ಗುಹೆಗಳನ್ನು ಬೆಳಗಿನ ಹೊತ್ತಿಗೇ ನೋಡಿ ಮುಗಿಸಬೇಕು. ಮದುವೆಯ ಓಡಾಟದಿಂದ ದಣಿದವರಿಗೆ ಮೂರನೆಯ ಆಯ್ಕೆಯೇ ಒಳ್ಳೆಯದು: ತಡವಾಗಿ ಎದ್ದು, ಧಾರವಾಡದ ಸಾಧನಕೇರಿಯ ಕೆರೆ ದಂಡೆ, ಹುಬ್ಬಳ್ಳಿಯ ಉಣಕಲ್ ಕೆರೆ ಮತ್ತು ಅಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡಿ, ರಾತ್ರಿಯ ರೈಲು ಹಿಡಿಯುವುದು.

ಈ ಲೆಕ್ಕದಲ್ಲಿ ಶುಕ್ರವಾರ ಬೆಳಿಗ್ಗೆ ಹೊರಟು, ಶನಿವಾರ ಮದುವೆ ಮುಗಿಸಿ, ಭಾನುವಾರ ಸುತ್ತಾಡಿ, ಸೋಮವಾರ ನಸುಕಿನಲ್ಲಿ ಮನೆ ಸೇರಿದರೆ ಒಟ್ಟು ಮೂರು ರಾತ್ರಿ. ಮಗು ಚಿಕ್ಕದಾಗಿದ್ದು ಎರಡೇ ರಾತ್ರಿ ಸಾಧ್ಯ ಎನ್ನುವವರು ಸುತ್ತಾಟವನ್ನು ಬಿಟ್ಟು ಶನಿವಾರ ರಾತ್ರಿಯೇ ರೈಲು ಹತ್ತಬೇಕು.

ಹಂತ 6: ಒಂದು ಹಾಳೆಯ ಮಾಹಿತಿ

ನೋಡಿಕೊಳ್ಳುವವರಿಗೆ ಬಾಯಲ್ಲಿ ಹೇಳಿದ ಸೂಚನೆಗಳಲ್ಲಿ ಕೆಲವು ಮರೆಯುತ್ತವೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದ ಒಂದು ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸುವುದು ಉತ್ತಮ. ಅದರಲ್ಲಿ ಇರಬೇಕಾದವು:

- ದಂಪತಿಯ ಇಬ್ಬರ ಫೋನ್ ಸಂಖ್ಯೆ, ತಂಗುವ ಕೋಣೆಯ ಮತ್ತು ಮದುವೆ ಮನೆಯ ಒಬ್ಬರ ಸಂಖ್ಯೆ, ಹೋಗಿ ಬರುವ ರೈಲಿನ ವಿವರ.
- ಮಕ್ಕಳ ವೈದ್ಯರು, ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆ, ಕಾರು ಅಥವಾ ಆಟೋ ಇರುವ ನೆರೆಯವರು.
- ಪ್ರತಿ ಮಗುವಿನ ಹುಟ್ಟಿದ ದಿನಾಂಕ, ತೂಕ, ರಕ್ತದ ಗುಂಪು, ಒಗ್ಗದ ಆಹಾರ ಮತ್ತು ಔಷಧಿ.
- ಏಳುವ, ಉಣ್ಣುವ, ಮಲಗುವ ಹೊತ್ತು. ಟಿವಿ, ಮೊಬೈಲ್‌ಗೆ ಇರುವ ಮಿತಿ.
- ಶಾಲೆಯ ಸಮಯ, ವ್ಯಾನ್ ಚಾಲಕರ ಸಂಖ್ಯೆ, ಆ ದಿನಗಳ ಪರೀಕ್ಷೆ ಅಥವಾ ಹೋಮ್‌ವರ್ಕ್.
- ತುರ್ತು ಸಂಖ್ಯೆಗಳು: ಪೊಲೀಸ್, ಅಗ್ನಿಶಾಮಕ ಮುಂತಾದ ಎಲ್ಲಕ್ಕೂ 112, ಆಂಬುಲೆನ್ಸ್‌ಗೆ 108, ಅಡುಗೆ ಅನಿಲ ಸೋರಿದರೆ 1906, ವಿದ್ಯುತ್ ದೂರಿಗೆ 1912.

ಶಾಲೆಗೂ ಒಂದು ಪತ್ರ ಬೇಕು. ಈ ದಿನಗಳಲ್ಲಿ ಮಗುವನ್ನು ಯಾರು ಕರೆದೊಯ್ಯುತ್ತಾರೆ ಎಂದು ಹೆಸರು, ಸಂಬಂಧ ಬರೆದು ಇಬ್ಬರೂ ಸಹಿ ಮಾಡಿ ಕೊಡಬೇಕು. ಪಿಕಪ್ ಕಾರ್ಡ್ ಇರುವ ಶಾಲೆಗಳಲ್ಲಿ ಅದನ್ನು ಅಜ್ಜ–ಅಜ್ಜಿಯ ಕೈಗೆ ಒಪ್ಪಿಸಬೇಕು.

ಅಜ್ಜಿ ಮಕ್ಕಳ ಮನೆಗೆ ಬಂದಿದ್ದರೆ ಅವರಿಗೆ ಆ ಮನೆಯೇ ಹೊಸದು. ಗ್ಯಾಸಿನ ರೆಗ್ಯುಲೇಟರ್, ಗೀಸರ್ ಸ್ವಿಚ್, ವಾಟರ್ ಫಿಲ್ಟರ್, ನೀರಿನ ಮೋಟರ್, ಬಾಗಿಲಿನ ಚಿಲಕ ಇವನ್ನು ಒಂದು ದಿನ ಮೊದಲೇ ಅವರ ಕೈಯಿಂದಲೇ ಮಾಡಿಸಿ ನೋಡಬೇಕು. ಒಂದು ಕೀಲಿ ನೆರೆಮನೆಯಲ್ಲಿರಲಿ. ಖರ್ಚಿಗೆ ನಗದನ್ನು ಲಕೋಟೆಯಲ್ಲಿ ಇಡಬೇಕು. ಹಿರಿಯರು ತಮ್ಮ ಕೈಯಿಂದ ಖರ್ಚು ಮಾಡಿ ಕೇಳಲು ಸಂಕೋಚಪಡುವಂತೆ ಆಗಬಾರದು.

ಹಂತ 7: ಔಷಧಿ ಮತ್ತು ಅಧಿಕಾರ

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಪ್ರಮಾಣವನ್ನು ವೈದ್ಯರು ಮಗುವಿನ ತೂಕ ನೋಡಿ ಹೇಳುತ್ತಾರೆ. ಆದರೆ ಈ ಸಿರಪ್ 5 ಮಿ.ಲೀ.ಗೆ 120, 125 ಮತ್ತು 250 ಮಿಲಿಗ್ರಾಂ ಹೀಗೆ ಬೇರೆ ಬೇರೆ ಸಾಂದ್ರತೆಗಳಲ್ಲಿ ಸಿಗುತ್ತದೆ. ಒಂದು ಬಾಟಲಿಯ ಲೆಕ್ಕದಲ್ಲಿ ಇನ್ನೊಂದನ್ನು ಕೊಟ್ಟರೆ ಔಷಧಿ ಇಮ್ಮಡಿಯಾಗಬಹುದು ಅಥವಾ ಅರ್ಧವಾಗಬಹುದು. ಆದ್ದರಿಂದ ಮನೆಯಲ್ಲಿ ಒಂದೇ ಬಾಟಲಿ ಇಟ್ಟು, ವೈದ್ಯರನ್ನು ಕೇಳಿ ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ, ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ ಎಂಬುದನ್ನು ಬಾಟಲಿಯ ಮೇಲೇ ಬರೆದು ಅಂಟಿಸಬೇಕು. ಹಿರಿಯರ ಮಾತ್ರೆಗಳನ್ನು, ಅದರಲ್ಲೂ ಆಸ್ಪಿರಿನ್ ಅನ್ನು, ಮಕ್ಕಳಿಗೆ ಕೊಡಬಾರದು. ಹಿಂದಿನ ಕಾಯಿಲೆಯಲ್ಲಿ ಉಳಿದ ಆಂಟಿಬಯೋಟಿಕ್ ಸಿರಪ್ ಇದ್ದರೆ ಎಸೆದು ಹೋಗಬೇಕು. ಅಜ್ಜ–ಅಜ್ಜಿಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮಕ್ಕಳ ಕೈಗೆ ಎಟುಕದಂತೆ ಮೇಲಿನ ಕಪಾಟಿನಲ್ಲಿರಬೇಕು.

ಓಆರ್‌ಎಸ್ ಪೊಟ್ಟಣಗಳು ಮನೆಯಲ್ಲಿರಲಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಬೆರೆಸಬೇಕು. ಸಣ್ಣ ಪೊಟ್ಟಣಗಳ ಮೇಲೆ ಬರೆದಿರುವ ನೀರಿನ ಅಳತೆ ಬೇರೆ. ಕಲಸಿದ ನೀರನ್ನು 24 ಗಂಟೆಗಳ ನಂತರ ಬಳಸಬಾರದು.

ಎದೆಹಾಲು ಕುಡಿಯುವ, ಆರು ತಿಂಗಳು ದಾಟಿದ ಮಗುವನ್ನು ಬಿಡುವುದಾದರೆ ಹಿಂಡಿ ತೆಗೆದ ಹಾಲನ್ನು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಬೇಸಿಗೆಯಲ್ಲಿ ನೇರವಾಗಿ ಫ್ರಿಜ್ಜಿಗೇ ಹಾಕಬೇಕು. ಕುದಿಸದೆ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಬೇಕು. ಮದುವೆಗೆ ಹೋದ ತಾಯಿಯೂ ಹೊತ್ತಿಗೆ ಸರಿಯಾಗಿ ಹಾಲು ಹಿಂಡದಿದ್ದರೆ ಎದೆ ಕಟ್ಟಿ ನೋವಾಗುತ್ತದೆ. ಸ್ವಂತ ಕೋಣೆ ಹಿಡಿಯಲು ಇದೂ ಒಂದು ಕಾರಣ.

ಅಧಿಕಾರದ ಮಾತನ್ನು ಬಾಯಿಬಿಟ್ಟೇ ಹೇಳಬೇಕು. ಮದುವೆಯ ಗದ್ದಲದಲ್ಲಿ ಫೋನ್ ಕೇಳಿಸದಿರಬಹುದು, ರೈಲಿನಲ್ಲಿ ಸಿಗ್ನಲ್ ಇಲ್ಲದಿರಬಹುದು. ಮಗುವಿಗೆ ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ, ಏನೂ ಕುಡಿಯದಿದ್ದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ ಫೋನ್‌ಗೆ ಕಾಯದೆ ಆಸ್ಪತ್ರೆಗೆ ಹೊರಡುವುದು, ತಂದೆ–ತಾಯಿಗೆ ದಾರಿಯಲ್ಲಿ ತಿಳಿಸುವುದು ಎಂದು ನಿಶ್ಚಯವಾಗಿರಬೇಕು. ಹೊಣೆ ಹೊತ್ತ ಹಿರಿಯರು ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದೆಂದು ಇಬ್ಬರೂ ಸಹಿ ಮಾಡಿದ ಪತ್ರ, ಆರೋಗ್ಯ ವಿಮೆಯ ಕಾರ್ಡ್, ಮಗುವಿನ ಆಧಾರ್ ಪ್ರತಿ, ಲಸಿಕೆ ಪುಸ್ತಕ ಇವೆಲ್ಲ ಒಂದೇ ಫೈಲಿನಲ್ಲಿದ್ದರೆ ಹುಡುಕಾಟ ತಪ್ಪುತ್ತದೆ. ಊಟ–ತಿಂಡಿಯ ವಿಷಯದಲ್ಲಿ ಮಾತ್ರ ಹಿರಿಯರಿಗೆ ಸ್ವಾತಂತ್ರ್ಯವಿರಲಿ. ಎರಡು ದಿನ ಅಜ್ಜಿ ಹಪ್ಪಳ ಕರಿದುಕೊಟ್ಟರೆ, ಮಲಗುವುದು ಅರ್ಧ ಗಂಟೆ ತಡವಾದರೆ ಕೆಡುಕಿಲ್ಲ.

ಹಂತ 8: ಮಕ್ಕಳಿಗೆ ಹೇಳುವುದು

ದೊಡ್ಡ ಮಕ್ಕಳಿಗೆ ಎರಡು ವಾರ ಮೊದಲು, ಚಿಕ್ಕವರಿಗೆ ಎರಡು–ಮೂರು ದಿನ ಮೊದಲು ಹೇಳಿದರೆ ಸಾಕು. ಎಲ್ಲಿಗೆ, ಏಕೆ, ಯಾರ ಜೊತೆ ಅವರು ಇರುತ್ತಾರೆ, ಯಾವಾಗ ಮರಳುವುದು ಈ ನಾಲ್ಕನ್ನೂ ನೇರವಾಗಿ ತಿಳಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಮರಳುವ ದಿನಕ್ಕೆ ಗುರುತು ಹಾಕಿ, ದಿನಕ್ಕೊಂದು ಚೌಕ ಹೊಡೆಯುವ ಕೆಲಸವನ್ನು ಚಿಕ್ಕವರಿಗೇ ಕೊಟ್ಟರೆ ಕಾಯುವ ಅವಧಿ ಕಣ್ಣಿಗೆ ಕಾಣುತ್ತದೆ. ಮದುವೆ ತಪ್ಪಿತೆಂಬ ಕೊರಗು ದೊಡ್ಡವರಿಗಿರುತ್ತದೆ, ಅದರಲ್ಲೂ ವಾರಗೆಯ ಮಕ್ಕಳೆಲ್ಲ ಅಲ್ಲಿ ಸೇರುವಾಗ. ಧಾರೆಯ ಹೊತ್ತಿಗೆ ವಿಡಿಯೊ ಕರೆ ಮಾಡಿ ತೋರಿಸುವುದು, ರಜೆಯಲ್ಲಿ ನವದಂಪತಿಯ ಮನೆಗೆ ಕರೆದೊಯ್ಯುವುದು ಇಂಥ ಪರಿಹಾರಗಳಿವೆ. ಮಾತು ಕೊಟ್ಟರೆ ನಡೆಸಲೇಬೇಕು.

ಹೊರಡುವ ಮುಂಚಿನ ವಾರಗಳಲ್ಲಿ ಒಂದೆರಡು ಸಲ ತಾಲೀಮು ನಡೆಸಬೇಕು. ಮೊದಲು ಒಂದು ಸಂಜೆ, ಆಮೇಲೆ ಒಂದು ಇಡೀ ರಾತ್ರಿ ಮಕ್ಕಳನ್ನು ಅದೇ ಹಿರಿಯರ ಬಳಿ ಬಿಟ್ಟರೆ ರಾತ್ರಿ ಯಾರು ಏಳುತ್ತಾರೆ, ಯಾವ ಹೊದಿಕೆ ಇಲ್ಲದೆ ನಿದ್ದೆ ಬರದು ಎಂಬ ಸಣ್ಣ ಸಂಗತಿಗಳು ಗೊತ್ತಾಗುತ್ತವೆ. ಆ ರಾತ್ರಿ ನಿಭಾಯಿಸಲಾಗದಿದ್ದರೆ ಯೋಜನೆ ಬದಲಿಸಲು ಇನ್ನೂ ಸಮಯವಿರುತ್ತದೆ.

ಹಂತ 9: ಹೊರಡುವ ದಿನ ಮತ್ತು ಫೋನ್

ಮಗು ಮಲಗಿದ್ದಾಗ ಅಥವಾ ಆಟದಲ್ಲಿದ್ದಾಗ ಕಣ್ಣು ತಪ್ಪಿಸಿ ಹೊರಡುವುದು ಹಲವು ಮನೆಗಳಲ್ಲಿ ರೂಢಿ. ಅಳು ಆ ಕ್ಷಣಕ್ಕೆ ತಪ್ಪುತ್ತದೆ, ಆದರೆ ಎಚ್ಚರವಾದ ಮಗು ಮುಂದೆ ತಂದೆ–ತಾಯಿ ಬಚ್ಚಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಹೇಳಿಯೇ ಹೊರಡಬೇಕು, ಆದರೆ ಚಿಕ್ಕದಾಗಿ ಹೇಳಿ ಹೊರಡಬೇಕು. ಬಾಗಿಲಿಂದ ಎರಡು ಮೂರು ಸಲ ಹಿಂತಿರುಗಿದರೆ ಅಳು ಹೆಚ್ಚುತ್ತದೆ. ನಸುಕಿನ ರೈಲಾದರೆ ಹಿಂದಿನ ರಾತ್ರಿಯೇ ಹೇಳಿಟ್ಟು, ಎದ್ದಾಗ ಅಜ್ಜಿ ಪಕ್ಕದಲ್ಲಿರುವಂತೆ ಮಲಗಿಸಬೇಕು.

ಫೋನ್‌ಗೆ ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿದರೆ ಸಾಕು. ಸಂಜೆ ಆಟ ಮುಗಿದು ಊಟಕ್ಕೆ ಕೂರುವ ಮೊದಲಿನ ಸಮಯ ಅನುಕೂಲ. ಮಲಗುವ ಹೊತ್ತಿಗೆ ದನಿ ಕೇಳಿದರೆ ಚಿಕ್ಕ ಮಕ್ಕಳಿಗೆ ನೆನಪು ಕೆರಳಿ ನಿದ್ದೆ ಹಾರುತ್ತದೆ. ಗಂಟೆಗೊಮ್ಮೆ ಕರೆ ಮಾಡಿ ಉಂಡರೇ, ಓದಿದರೇ ಎಂದು ವಿಚಾರಿಸುವುದರಿಂದ ನೋಡಿಕೊಳ್ಳುವವರಿಗೆ ತಮ್ಮ ಮೇಲೆ ನಂಬಿಕೆಯಿಲ್ಲ ಎನಿಸುತ್ತದೆ. ಇಬ್ಬರಲ್ಲಿ ಒಬ್ಬರ ಫೋನ್ ಮಾತ್ರ ಸದಾ ಕೈಯಲ್ಲಿ, ಚಾರ್ಜ್ ಆಗಿ ಇರಬೇಕು. ಶಾಸ್ತ್ರಕ್ಕೆ ಕೂತವರ ಫೋನನ್ನು ಇನ್ನೊಬ್ಬರು ಹಿಡಿದಿರಬೇಕು.

ಹಂತ 10: ಮರಳಿದ ಮೇಲೆ

ರಾತ್ರಿ ಪ್ರಯಾಣ ಮುಗಿಸಿ ಬಂದ ದಿನ ಇಬ್ಬರೂ ನೇರವಾಗಿ ಕಚೇರಿಗೆ ಹೋಗದೆ ಒಬ್ಬರಾದರೂ ಅರ್ಧ ದಿನ ರಜೆ ಹಾಕಬೇಕು. ಚಿಕ್ಕ ಮಕ್ಕಳು ಮೊದಲು ಮುಖ ತಿರುಗಿಸುವುದು, ಆಮೇಲೆ ಕೆಲವು ದಿನ ಅಂಟಿಕೊಂಡೇ ಇರುವುದು, ರಾತ್ರಿ ಎಚ್ಚರಗೊಳ್ಳುವುದು ಸಹಜ. ಎಂದಿನ ದಿನಚರಿ ಮರಳಿದಂತೆ ಇದು ಕಡಿಮೆಯಾಗುತ್ತದೆ. ಏನಾಯಿತೆಂದು ನೋಡಿಕೊಂಡವರನ್ನು ಮಕ್ಕಳ ಎದುರಿಗೆ ವಿಚಾರಿಸದೆ ಬಿಡುವಾಗಿ ಕೇಳಬೇಕು. ಔಷಧಿ ಕೊಟ್ಟಿದ್ದರೆ ಯಾವಾಗ, ಎಷ್ಟು ಎಂದು ತಿಳಿದು, ಕೈಯಿಂದ ಖರ್ಚಾಗಿದ್ದರೆ ಅಂದೇ ತೀರಿಸಬೇಕು. ಹಿರಿಯರಿಗೆ ಒಂದೆರಡು ದಿನ ವಿಶ್ರಾಂತಿ ಸಿಗುವಂತೆ ನೋಡಿಕೊಂಡು, ಮದುವೆ ಮನೆಯವರು ಅವರಿಗೆಂದು ಕೊಟ್ಟ ಉಡುಗೊರೆಯನ್ನು ತಲುಪಿಸಬೇಕು. ಫ್ರಿಜ್ ಬಾಗಿಲಿನ ಹಾಳೆಯಲ್ಲಿ ತಪ್ಪಿದ್ದನ್ನು ತಿದ್ದಿ ಫೈಲಿನಲ್ಲಿಟ್ಟರೆ ಮುಂದಿನ ಮದುವೆಗೆ ಮಕ್ಕಳ ತೂಕ, ತರಗತಿ ಮತ್ತು ರೈಲಿನ ವಿವರವನ್ನಷ್ಟೇ ಬದಲಿಸಬೇಕಾಗುತ್ತದೆ.